ಫ್ರಾನ್ಸ್ವಾಜ್ ಕೋಂಬ್ ಅವರ ಗ್ಯಾಲಕ್ಸಿ ಪಾಠಗಳು: ಪೈಸೆ ಖರ್ಚಿಲ್ಲದ ಕ್ಲಾಸು

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪರೀಕ್ಷೆ ಇಲ್ಲ, ಕೊನೆಗೆ ಸರ್ಟಿಫಿಕೇಟೂ ಇಲ್ಲ. ಪ್ಯಾರಿಸ್‌ನ ಕೊಲೆಜ್ ದ ಫ್ರಾನ್ಸ್ ಅನ್ನುವ ಸಂಸ್ಥೆ 1530ರಲ್ಲಿ ಒಂದನೇ ಫ್ರಾನ್ಸ್ವಾ ರಾಜನ ಕಾಲದಲ್ಲಿ ಶುರುವಾದದ್ದು. ಪದವಿ ಕೊಡುವ ಜಾಗವೇ ಅಲ್ಲ ಅದು. ಪ್ರೊಫೆಸರ್‌ಗಳು ಪಾಠ ಮಾಡುತ್ತಾರೆ, ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು, ಅಷ್ಟೇ. ಈಗ ಆ ಪಾಠಗಳ ವಿಡಿಯೊ ಅವರ ಸೈಟಿನಲ್ಲೂ ಯೂಟ್ಯೂಬ್‌ನಲ್ಲೂ ಸಿಗುತ್ತವೆ. ನಾನು ನೋಡುತ್ತಿರುವುದು ಖಗೋಳ ವಿಜ್ಞಾನಿ ಫ್ರಾನ್ಸ್ವಾಜ್ ಕೋಂಬ್ ಅವರ ಪಾಠಗಳನ್ನು.

ನಾನು ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿ ಆಮೇಲೆ ಬೇರೆ ದಾರಿ ಹಿಡಿದವನು. ಫ್ರೆಂಚ್ ಕಲಿತದ್ದು ಆಫೀಸ್ ಕೆಲಸಕ್ಕೆ. ಆ ಭಾಷೆ ನನಗೆ ಕೊಟ್ಟ ದೊಡ್ಡ ಸುಖ ಈ ಪಾಠಗಳೇ.

ಕೋಂಬ್ ಹುಟ್ಟಿದ್ದು 1952ರಲ್ಲಿ, ಫ್ರಾನ್ಸಿನ ದಕ್ಷಿಣದ ಮೊಂಪೆಲಿಯೇ ಊರಿನಲ್ಲಿ. ಪ್ಯಾರಿಸ್‌ನ ಎಕೋಲ್ ನಾರ್ಮಾಲ್ ಅನ್ನುವ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಓದಿದರು. 1989ರಿಂದ ಪ್ಯಾರಿಸ್ ವೀಕ್ಷಣಾಲಯದಲ್ಲಿ ಕೆಲಸ. 2014ರಲ್ಲಿ ಕೊಲೆಜ್ ದ ಫ್ರಾನ್ಸ್‌ನಲ್ಲಿ ಗ್ಯಾಲಕ್ಸಿ ಮತ್ತು ವಿಶ್ವ ವಿಜ್ಞಾನದ ಪೀಠಕ್ಕೆ ಬಂದರು. ಆದರೆ ಇವರನ್ನು ತಿಳಿಯಬೇಕು ಅಂದರೆ ಇಸವಿಗಳ ಪಟ್ಟಿ ಸಾಲದು, ಕಡಲೆಕಾಯಿಯ ಕಥೆ ಕೇಳಬೇಕು.

ಕೆಲವು ಗ್ಯಾಲಕ್ಸಿಗಳನ್ನು ಪಕ್ಕದಿಂದ ನೋಡಿದರೆ ನಡುವಿನ ಉಬ್ಬು ಥೇಟ್ ಕಡಲೆಕಾಯಿ ಹಾಗೆ ಕಾಣುತ್ತದೆ. ಯಾಕೆ ಹಾಗೆ? 1981ರಲ್ಲಿ ಕೋಂಬ್ ಮತ್ತು ಇನ್ನೊಬ್ಬ ಖಗೋಳ ವಿಜ್ಞಾನಿ ರಾಬರ್ಟ್ ಸ್ಯಾಂಡರ್ಸ್ ಇದನ್ನು ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದರು. ಆ ಕಾಲದಲ್ಲಿ ಲೆಕ್ಕ ಸುಲಭವಾಗಲಿ ಅಂತ ಗ್ಯಾಲಕ್ಸಿಯನ್ನು ಚಪ್ಪಟೆ ತಟ್ಟೆ ಅಂದುಕೊಂಡು ಲೆಕ್ಕ ಹಾಕುವುದೇ ಜಾಸ್ತಿ. ಇವರು ಎತ್ತರವನ್ನೂ ಸೇರಿಸಿಕೊಂಡರು. ಸುರುಳಿ ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ಸೇರಿ ಉದ್ದನೆಯ ದಂಡದಂತೆ ಆಗುತ್ತವಲ್ಲ, ಆ ದಂಡ ಸುತ್ತುವ ತಾಳಕ್ಕೆ ನಕ್ಷತ್ರಗಳ ಮೇಲೆ ಕೆಳಗಿನ ಓಲಾಟ ಹೊಂದಿಕೊಂಡುಬಿಟ್ಟರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಅವು ತಟ್ಟೆಯಿಂದ ಮೇಲಕ್ಕೂ ಕೆಳಕ್ಕೂ ಏಳುತ್ತಾ ಹೋಗುತ್ತವೆ. ಪಕ್ಕದಿಂದ ನೋಡಿದವರಿಗೆ ಅದೇ ಕಡಲೆಕಾಯಿ.

ಈ ಭಾಗ ನೋಡುವಾಗ ಪಿಯುಸಿ ಓದುವ ಮಗಳು ಜೊತೆಯಲ್ಲಿದ್ದಳು. ತಟ್ಟೆಯಲ್ಲಿ ಬೇಯಿಸಿದ ಕಡಲೆಕಾಯಿ ಇತ್ತು. ಒಂದನ್ನು ಅಡ್ಡ ಹಿಡಿದು ನೋಡಿದಳು: ಸೊಂಟ ಸಣ್ಣ, ಎರಡೂ ಕಡೆ ಉಬ್ಬು. ಆಮೇಲೆ ತುದಿಯನ್ನು ಕಣ್ಣಿಗೆ ನೇರ ಹಿಡಿದಳು. "ಅಪ್ಪ, ಈಗ ದುಂಡಗೆ ಕಾಣ್ತಿದೆ!" ಅಂದಳು. ಗ್ಯಾಲಕ್ಸಿಯಲ್ಲೂ ಹಾಗೇ, ದಂಡದ ತುದಿ ನಮ್ಮ ಕಡೆ ತಿರುಗಿದ್ದರೆ ಉಬ್ಬು ದುಂಡಗೆ ಕಾಣುತ್ತದೆ. ನಮ್ಮ ಆಕಾಶಗಂಗೆಯ ನಡುವೆಯೂ ಇಂಥದ್ದೇ ಕಡಲೆಕಾಯಿ ಇದೆ.

ಇನ್ನೊಂದು ಇಷ್ಟವಾದ ವಿಷಯ ತಣ್ಣನೆಯ ಅನಿಲದ್ದು. ನಕ್ಷತ್ರಗಳು ಹುಟ್ಟುವುದು ತಣ್ಣನೆಯ ಹೈಡ್ರೋಜನ್ ಮೋಡಗಳಲ್ಲಿ. ಆದರೆ ಹೈಡ್ರೋಜನ್ ಅಣುವಿನಲ್ಲಿ ಎರಡೂ ಕಡೆ ಒಂದೇ ಥರದ ಪರಮಾಣು, ಹಾಗಾಗಿ ತಣ್ಣಗಿದ್ದಾಗ ಅದು ನಮಗೆ ಸಿಗುವಂಥ ಸಂಕೇತ ಹೊರಬಿಡುವುದೇ ಇಲ್ಲ. ಆನೆ ಕಾಣದಿದ್ದರೆ ಹೆಜ್ಜೆ ಗುರುತು ನೋಡಬೇಕು ಅಲ್ವಾ? ಆ ಹೆಜ್ಜೆ ಗುರುತೇ ಅದೇ ಮೋಡಗಳಲ್ಲಿ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ, ಅದರ ಸಂಕೇತ 2.6 ಮಿಲಿಮೀಟರ್ ಉದ್ದದ ರೇಡಿಯೊ ತರಂಗದಲ್ಲಿ ಸಿಗುತ್ತದೆ. ಅದನ್ನು ಹಿಡಿಯುವುದಕ್ಕೆ ಸ್ಪೇನಿನ ಗ್ರನಾಡಾ ಹತ್ತಿರ ಬೆಟ್ಟದ ಮೇಲೆ 30 ಮೀಟರ್ ಅಗಲದ ರೇಡಿಯೊ ದೂರದರ್ಶಕದ ಡಿಶ್ ಇದೆ, ಕೋಂಬ್ ಅದನ್ನು ವರ್ಷಾನುಗಟ್ಟಲೆ ಬಳಸಿದವರು. 1990ರ ದಶಕದಲ್ಲಿ ಖಗೋಳ ವಿಜ್ಞಾನಿ ಟಾಮಿ ವಿಕ್ಲಿಂಡ್ ಜೊತೆ ಸೇರಿ ದೂರದ ಗ್ಯಾಲಕ್ಸಿಗಳಲ್ಲಿ ಅಣುಗಳನ್ನು ಹುಡುಕಿದ್ದು ಇನ್ನೂ ಚೆನ್ನಾಗಿದೆ. ಹಿಂದೆ ಇನ್ನೂ ದೂರದಲ್ಲಿರುವ ಕ್ವೇಸಾರ್, ಅಂದರೆ ಬಹಳ ಪ್ರಖರವಾಗಿ ಬೆಳಗುವ ಗ್ಯಾಲಕ್ಸಿಯ ನಡುಭಾಗ, ದೀಪದ ಹಾಗೆ ಉರಿಯುತ್ತಿರುತ್ತದೆ, ನಡುವಿನ ಗ್ಯಾಲಕ್ಸಿಯ ಅಣುಗಳು ಆ ಬೆಳಕಿನಲ್ಲಿ ಅಷ್ಟಷ್ಟು ನುಂಗುತ್ತವೆ, ಆ ನುಂಗಿದ ಗುರುತಿನಿಂದ ಯಾವ ಅಣು ಅಂತ ಪತ್ತೆ ಮಾಡುತ್ತಾರೆ.

ಗ್ಯಾಲಕ್ಸಿಗಳು ಸುತ್ತುವ ವೇಗ ನೋಡಿದರೆ ಕಾಣುವ ದ್ರವ್ಯದ ಗುರುತ್ವ ಸಾಲದು, ಕಾಣದ್ದು ಇನ್ನೇನೋ ಇರಬೇಕು ಅನಿಸುತ್ತದೆ, ಅದಕ್ಕೇ ಕಪ್ಪು ದ್ರವ್ಯ ಅನ್ನುತ್ತಾರೆ. ಆ ವಿಷಯಕ್ಕೆ ಬಂದಾಗ ನನಗೆ ಕೋಂಬ್ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ಕಾಣದ ಕಣಗಳಿವೆ ಅನ್ನುವವರ ಲೆಕ್ಕವನ್ನೂ ಮಾಡಿದ್ದಾರೆ, ಗುರುತ್ವದ ನಿಯಮವನ್ನೇ ತಿದ್ದಬೇಕು ಅನ್ನುವವರ ಲೆಕ್ಕವನ್ನೂ ಮಾಡಿದ್ದಾರೆ. ಆ ದ್ರವ್ಯದ ಒಂದು ಪಾಲು ಕಣ್ಣಿಗೆ ಬೀಳದ ತಣ್ಣನೆ ಹೈಡ್ರೋಜನ್ ಇರಬಹುದಾ ಅಂತ 1994ರಲ್ಲೇ ಕೇಳಿದವರಲ್ಲಿ ಇವರೂ ಒಬ್ಬರು. ಉತ್ತರ ಸಿಗದ ಪ್ರಶ್ನೆಯನ್ನು ಇಷ್ಟು ವರ್ಷ ಕೈಬಿಡದೆ ಹಿಡಿದಿರುವುದು ಸಣ್ಣ ವಿಷಯ ಅಲ್ಲ. 2020ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್‌ನ ಚಿನ್ನದ ಪದಕ, 2021ರಲ್ಲಿ ಮಹಿಳಾ ವಿಜ್ಞಾನಿಗಳಿಗೆ ಕೊಡುವ ಲೋರಿಯಲ್-ಯುನೆಸ್ಕೊ ಪ್ರಶಸ್ತಿ ಬಂತು, 2025ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷೆಯಾದರು.

ಭಾಷೆ ಬಗ್ಗೆ ಹೇಳಲೇಬೇಕು. ಪಾಠ ಫ್ರೆಂಚ್‌ನಲ್ಲಿದೆ. ಮೊದಮೊದಲು ನಾನು ಒಂದು ಆ್ಯಪ್ ಹಾಕಿಕೊಂಡು ಅನುವಾದದ ಸಬ್‌ಟೈಟಲ್ ನೋಡುತ್ತಿದ್ದೆ, ಅದು ಗ್ಯಾಲಕ್ಸಿಯ ಉಬ್ಬನ್ನು ದೀಪದ ಬಲ್ಬ್ ಮಾಡಿ ಕೂರಿಸುತ್ತಿತ್ತು. ಫ್ರೆಂಚ್‌ನಲ್ಲಿ ಆ ಉಬ್ಬಿಗೆ 'ಬ್ಯುಲ್ಬ್' ಅನ್ನುತ್ತಾರೆ, ಅದಕ್ಕೇ ಈ ಎಡವಟ್ಟು. ಅಂಥ ನಾಲ್ಕೈದು ಪದ ಮೊದಲೇ ಬರೆದಿಟ್ಟುಕೊಂಡರೆ ತೊಂದರೆ ಇಲ್ಲ. ಫಿಸಿಕ್ಸ್ ಗೊತ್ತಿಲ್ಲದವರಿಗೆ ಮೊದಲ ಸಲಕ್ಕೇ ಪೂರ್ತಿ ಅರ್ಥವಾಗುವುದು ಕಷ್ಟ. ವಿಡಿಯೊವನ್ನು ಎಲ್ಲೂ ನಿಲ್ಲಿಸದೆ ಸುಮ್ನೆ ಓಡಿಸಿಕೊಂಡು ಹೋಗಬೇಡಿ. ಒಂದು ಚಿತ್ರ ಬಂದರೆ ನಿಲ್ಲಿಸಿ, ಅದರ ಎರಡು ಅಂಚಿನಲ್ಲಿ ಏನನ್ನು ಅಳೆದಿದ್ದಾರೆ ನೋಡಿ, ಆಮೇಲೆ ಮುಂದೆ ಹೋಗಿ. ನನಗೆ ಒಂದು ಪಾಠಕ್ಕೆ ಎರಡು ರಾತ್ರಿ ಬೇಕಾಗುತ್ತದೆ.

ಶುರು ಮಾಡುವವರು 2014ರ ಮೊದಲ ಉಪನ್ಯಾಸದಿಂದಲೇ ಶುರು ಮಾಡಿ, ವಿಷಯ ಕಪ್ಪು ದ್ರವ್ಯ. ಪ್ಯಾರಿಸ್‌ಗೆ ಹೋಗುವವರು ಸೊರ್ಬಾನ್ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇರುವ ಕೊಲೆಜ್ ದ ಫ್ರಾನ್ಸ್ ಕಟ್ಟಡಕ್ಕೂ ಹೋಗಿಬನ್ನಿ. ಆ ದಿನ ಯಾರ ಪಾಠ ಇದೆ ಅಂತ ಸೈಟಿನಲ್ಲಿ ನೋಡಿಕೊಂಡು ಹೋದರೆ ಒಳಗೆ ಕೂತೇ ಕೇಳಬಹುದು. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಮಗಳು ಈಗ ಫ್ರೆಂಚ್ ಅಕ್ಷರ ಕಲಿಸು ಅಂತ ಕೂತಿದ್ದಾಳೆ.