ಹಳೇ ಬೇಲಿ ಕಂಬ ಸುಡುವ ಮುಂಚೆ ಇದನ್ನೊಮ್ಮೆ ಓದಿ

ಹಿತ್ತಲಿಗೆ ಹೊಸ ಬೇಲಿ ಹಾಕಿಸಿದಾಗ ಹದಿನಾಲ್ಕು ಹಳೇ ಕಂಬ ಕಿತ್ತೆವು. ಬಿಸಿಲು ಮಳೆಗೆ ಬೂದು ಬಣ್ಣಕ್ಕೆ ತಿರುಗಿದ್ದವು, ನೋಡೋಕೆ ಸಾದಾ ಸೌದೆ ಥರಾನೇ. ಅಷ್ಟು ವರ್ಷ ಮಣ್ಣಲ್ಲಿದ್ದರೂ ಒಂದಕ್ಕೂ ಗೆದ್ದಲು ಹಿಡಿದಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ನಾಲ್ಕು ಕಂಬ ತುಂಡು ಮಾಡಿ ಹಿತ್ತಲಲ್ಲೇ ಸುಟ್ಟೆ. ಗಂಟಲು ಕೆರೆಯುತ್ತಿತ್ತು. ಹೊಗೆ ಅಂದ್ಮೇಲೆ ಹಾಗೇ ಅಲ್ವಾ ಅಂದುಕೊಂಡೆ. ಮಗಳು ಪಕ್ಕದಲ್ಲೇ ಆಡುತ್ತಿದ್ದಳು, ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಮಾರನೇ ದಿನ, ಬೂದಿ ಗಿಡಕ್ಕೆ ಒಳ್ಳೇದು ಅಂತ ಎಲ್ಲವನ್ನೂ ಸೊಪ್ಪಿನ ಪಾತಿಗೆ ಎರಚಿದೆ.

ಉಳಿದ ಕಂಬಗಳಲ್ಲಿ ಬೆಂಚು ಮಾಡಿಸೋಣ ಅಂತ ವಾರದ ನಂತರ ಮರಗೆಲಸದವರನ್ನು ಕರೆದೆ. ಅವರು ಒಂದು ಕಂಬದ ತುದಿಯನ್ನು ಬೆರಳಗಲ ಕೊಯ್ದು ತೋರಿಸಿದರು. ಹೊರಗೆಲ್ಲ ಬೂದು. ಕೊಯ್ದ ಮುಖದಲ್ಲಿ ಅಂಚಿನ ಸುತ್ತ ತೆಳು ಹಸಿರು ಉಂಗುರ, ನಡುವೆ ಮಾತ್ರ ಮರದ ಬಣ್ಣ. "ಇದು ಔಷಧಿ ಕುಡಿಸಿದ ಮರ. ಸುಟ್ಟಿಲ್ಲ ತಾನೇ?" ಅಂದರು. ನನಗೆ ಮಾತೇ ಹೊರಡಲಿಲ್ಲ.

ಗೆದ್ದಲು ಹಿಡಿಯದಂತೆ, ಕೊಳೆಯದಂತೆ ಮರಕ್ಕೆ ಕುಡಿಸುವ ಆ ಔಷಧಿಗೆ ಸಿಸಿಎ ಅಂತಾರೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ್ದು. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಬಹುತೇಕ ಮರಕ್ಕೆ ಇದನ್ನು ಹಾಕುವುದು ನಿಲ್ಲಿಸಿದರು. ಹಾಗಾಗಿ ಹಳೇ ಮರ ಅಂದರೆ ಅನುಮಾನ ಜಾಸ್ತಿ ಇರಲಿ. ಸುಟ್ಟರೆ ಮರ ಹೋಗುತ್ತದೆ, ವಿಷ ಹೋಗುವುದಿಲ್ಲ. ಸ್ವಲ್ಪ ಆರ್ಸೆನಿಕ್ ಹೊಗೆಯಲ್ಲಿ ನಮ್ಮ ಮೂಗಿಗೆ ಬರುತ್ತದೆ, ಉಳಿದದ್ದೆಲ್ಲ ಬೂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಇಂಥ ಬೂದಿ ನೆಕ್ಕಿ ದನಕರುಗಳು ಸತ್ತದ್ದೂ ಇದೆ. ನಾನು ಅದನ್ನು ತಿನ್ನುವ ಸೊಪ್ಪಿಗೆ ಹಾಕಿದ್ದೆ.

ಸೊಪ್ಪೆಲ್ಲ ಕಿತ್ತೆ. ಧೂಳು ಏಳದಂತೆ ನೀರು ಚಿಮುಕಿಸಿ, ಕೈಗವಸು ಮಾಸ್ಕ್ ಹಾಕಿಕೊಂಡು ಮೇಲ್ಮಣ್ಣು ಕೆರೆದು ದಪ್ಪ ಚೀಲಗಳಿಗೆ ತುಂಬಿದೆ. ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೆ ಕೊಟ್ಟೆ. ಆ ಪಾತಿಯಲ್ಲಿ ಈಗ ಹೂವಿನ ಗಿಡ ಮಾತ್ರ.

ಬೆಂಚಿನ ಆಸೆಯನ್ನೂ ಬಿಟ್ಟೆ. ಇಂಥ ಮರವನ್ನು ಗರಗಸದಲ್ಲಿ ಕೊಯ್ದರೆ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಏಳುವ ಪುಡಿಯೂ ವಿಷವೇ. ಆ ಪುಡಿ ಗೊಬ್ಬರದ ಗುಂಡಿಗೆ ಬೇಡ, ಸಾಕುಪ್ರಾಣಿ ಮಲಗುವ ಜಾಗಕ್ಕೂ ಬೇಡ. ಕೊಯ್ಯಲೇಬೇಕಾದರೆ ಬಯಲಲ್ಲಿ, ಮಾಸ್ಕ್ ಹಾಕಿ, ಕೆಳಗೆ ಟಾರ್ಪಾಲ್ ಹಾಸಿ ಕೊಯ್ಯಿರಿ. ಆ ಬಟ್ಟೆ ಬೇರೆಯಾಗಿ ಒಗೆಯಿರಿ. ಬ್ಲೀಚಿಂಗ್ ಹಾಕಿ ಮರ ತೊಳೆಯಲೂಬೇಡಿ, ಅದರಿಂದ ಕ್ರೋಮಿಯಂ ಇನ್ನೂ ಕೆಟ್ಟ ರೂಪಕ್ಕೆ ತಿರುಗಬಹುದು. ತರಕಾರಿ ಪಾತಿಯ ಅಂಚಿಗೆ, ಮಕ್ಕಳ ಉಯ್ಯಾಲೆಗೆ, ಮನೆಯೊಳಗಿನ ಕಪಾಟಿಗೆ ಇದು ಸಲ್ಲದು. ಕಪ್ಪಗೆ, ಟಾರು ವಾಸನೆ ಹೊಡೆಯುವ ಹಳೇ ರೈಲ್ವೆ ಸ್ಲೀಪರ್‌ಗಳದು ಬೇರೆ ಔಷಧಿ, ಆದರೆ ಅವನ್ನೂ ಸುಡಬಾರದು.

ಗಟ್ಟಿ ಇರುವ ಕಂಬವನ್ನು ಕೊಯ್ಯದೆ ಹಾಗೇ ಮತ್ತೆ ಬೇಲಿಗೆ ನೆಡಬಹುದು. ನಾನು ಹಾಗೇ ಮಾಡಿದೆ. ಹತ್ತೂ ಕಂಬದ ಮೇಲೆ ಕೆಂಪು ಬಣ್ಣದಲ್ಲಿ "ವಿಷದ ಮರ, ಸುಡಬೇಡಿ" ಅಂತ ಬರೆದಿದ್ದೇನೆ. ನಾಳೆ ಅದನ್ನು ಕೀಳುವವರು ನಾನೇ ಆಗಿರುತ್ತೇನೆ ಅಂತೇನಿಲ್ಲ.