ಎಂಟು ಇಂಚಿನ ಡಾಬ್ಸೋನಿಯನ್: ಮಲೆನಾಡಿನಲ್ಲಿ ಇಟ್ಟುಕೊಂಡವರಿಗೆ ಗೊತ್ತಿರಬೇಕಾದ್ದು

ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಈ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪು, ಹಲವು ಚಳಿಗಾಲ ಕಳೆದಿದೆ. 203 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರ. ಅದ್ಭುತವಾದ ಉಪಕರಣ. ಆದರೆ ಒಳಗಿಂದ ತಂದು ನಿಲ್ಲಿಸಿದ ಕೂಡಲೇ ಗುರುಗ್ರಹ ನೋಡಿ ಇದರ ಬೆಲೆ ಕಟ್ಟಬೇಡಿ. ಹೊರಗಿನ ಚಳಿಗೆ ಹೊಂದಿಕೊಳ್ಳಲು ಒಂದು ಗಂಟೆಯಾದರೂ ಬಿಡಬೇಕು.

ಕನ್ನಡಿಯ ಗಾಜು ದಪ್ಪ, ಶಾಖ ಬಿಡುವುದು ನಿಧಾನ. ಜನವರಿ ರಾತ್ರಿ ಮನೆಯೊಳಗೆ 25 ಡಿಗ್ರಿ ಇದ್ದರೆ ಅಂಗಳದಲ್ಲಿ 16 ಇರುತ್ತದೆ. ಆಗ ಕನ್ನಡಿಯ ಮೇಲೆ ಬಿಸಿಗಾಳಿಯ ತೆಳು ಪದರ ಕೂತು, ಕೊಳವೆಯೊಳಗೆ ಗಾಳಿ ಏಳತೊಡಗುತ್ತದೆ. ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಹಿಡಿದು ಫೋಕಸ್ ಸ್ವಲ್ಪ ತಪ್ಪಿಸಿ ನೋಡಿ: ಬೆಳಕಿನ ಬಿಲ್ಲೆಯ ಮೇಲೆ ಬಿಸಿಗಾಳಿ ಹೊಗೆಯ ಹಾಗೆ ಒಂದೇ ದಿಕ್ಕಿಗೆ ಹರಿಯುವುದು ಕಣ್ಣಿಗೇ ಕಾಣುತ್ತದೆ. ಅದು ನಿಂತ ಮೇಲೆ 9 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ. ಸುಮಾರು 133 ಪಟ್ಟು ದೊಡ್ಡದಾದ ಗುರುವಿನ ಪಟ್ಟಿಗಳ ಅಂಚು ಬಿಡಿಬಿಡಿಯಾಗಿ ಎದ್ದು ಬರುತ್ತವೆ. 2026ರ ಜನವರಿಯಲ್ಲಿ ಗುರು ಮಿಥುನ ರಾಶಿಯಲ್ಲಿ, ರಾತ್ರಿ ನೆತ್ತಿಯ ಹತ್ತಿರವೇ ಇದ್ದ. ಕಾದವರಿಗೆ ಅದು ಹಬ್ಬ.

ಕಾಯುವ ಹೊತ್ತು ವ್ಯರ್ಥವಲ್ಲ. 25 ಮಿ.ಮೀ. ಐಪೀಸಿನಲ್ಲಿ ಕೃತ್ತಿಕೆ, ಮಹಾವ್ಯಾಧನ (ಓರಿಯನ್) ನೀಹಾರಿಕೆ ಆಗಲೇ ಚೆನ್ನಾಗಿ ಕಾಣುತ್ತವೆ. ಕಡಿಮೆ ವರ್ಧನೆಯಲ್ಲಿ ಈ ಕದಡು ಅಷ್ಟಾಗಿ ಬಾಧಿಸುವುದಿಲ್ಲ.

ಕನ್ನಡಿಯ ಹಿಂದಿರುವ ಪುಟ್ಟ ಫ್ಯಾನೇ ಈ ಮಾದರಿಯ ದೊಡ್ಡ ಗುಣ. ಫ್ಯಾನ್ ಇಲ್ಲದ್ದನ್ನು ಇದೇ ಗಾತ್ರದಲ್ಲಿ ಕೊಳ್ಳುವುದು ಬೇಡ ಎನ್ನುತ್ತೇನೆ. ಇಟ್ಟ ಜಾಗವೂ ಮುಖ್ಯ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಹಗಲಿನ ಬಿಸಿಲನ್ನು ಒಳಗಿಟ್ಟುಕೊಂಡು ರಾತ್ರಿ ಬಹಳ ಹೊತ್ತು ಬಿಡುತ್ತಲೇ ಇರುತ್ತದೆ. ಪಕ್ಕದ ಹುಲ್ಲಿನ ಮೇಲೆ ಇಟ್ಟರೆ ಚಿತ್ರ ಎಷ್ಟೋ ವಾಸಿ. ಹಂಚಿನ ಮಾಡಿನ ಮೇಲ್ಗಡೆಯ ಆಕಾಶ ನೋಡುವುದನ್ನೂ ಬಿಟ್ಟುಬಿಡಿ, ಅಲ್ಲೂ ಬಿಸಿಗಾಳಿ ಏಳುತ್ತಿರುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಕಾಟ ಇಬ್ಬನಿ. ತಣಿಯಲು ಇಟ್ಟದ್ದೇ ಒದ್ದೆಯಾಗಲು ಇಟ್ಟಂತೆ ಆಗುತ್ತದೆ. ಆಳದಲ್ಲಿರುವ ದೊಡ್ಡ ಕನ್ನಡಿಗೆ ಕೊಳವೆಯೇ ರಕ್ಷಣೆ. ಮೇಲ್ತುದಿಯ ಚಿಕ್ಕ ಕನ್ನಡಿ, ಫೈಂಡರು (ಗುರಿ ಹಿಡಿಯುವ ಪುಟ್ಟ ದೂರದರ್ಶಕ), ಐಪೀಸುಗಳು ಮೊದಲು ಮಂಜು ಹಿಡಿಯುತ್ತವೆ. ಕಪ್ಪು ಫೋಮ್ ಶೀಟು ಸುರುಳಿ ಮಾಡಿ ಕೊಳವೆಯ ಬಾಯಿಗೆ ಸುತ್ತಿದರೆ ರಾತ್ರಿಯ ಮುಖ್ಯ ಹೊತ್ತು ತಡೆಯುತ್ತದೆ. ಬಳಸದ ಐಪೀಸ್ ಜೇಬಿನಲ್ಲಿರಲಿ.

ಒಳಗೆ ತರುವಾಗ ಇದೇ ವಿಷಯ ತಿರುಗಿ ಬರುತ್ತದೆ: ತಣ್ಣಗಿನ ಗಾಜಿಗೆ ಮನೆಯ ಹಸಿ ಗಾಳಿ ತಗುಲಿದರೆ ನೀರೂರುತ್ತದೆ. ಆದ್ದರಿಂದ ಹೊರಗೇ ಮುಚ್ಚಳ ಹಾಕಿ ತನ್ನಿ. ಹೊರಗಡೆಯೇ ತೇವ ಹಿಡಿದಿದ್ದರೆ ಮಾತ್ರ, ಕೋಣೆಯ ಬಿಸುಪಿಗೆ ಬಂದ ಮೇಲೆ ಮುಚ್ಚಳ ತೆಗೆದು ಪೂರ್ತಿ ಆರಲು ಬಿಡಿ. ಮಳೆಗಾಲದಲ್ಲಿ ಐಪೀಸುಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡದಿದ್ದರೆ ಬೂಷ್ಟು ಹಿಡಿಯುತ್ತದೆ.