ಬ್ಯಾಕಪ್ ಮೇಲ್ ಸರ್ವರ್ ಅಂತ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಸಣ್ಣ ಕಾರ್ಖಾನೆ, ಅಂಗಡಿ, ಆಫೀಸು ನಡೆಸುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನಗೆ ಮಾಡಿದ್ದನ್ನೇ ನಮ್ಮ ಕಂಪ್ಯೂಟರ್ ನೋಡಿಕೊಳ್ಳುವವನು ನಮ್ಮ ರಸ್ತೆಯಲ್ಲಿ ಇನ್ನೂ ಇಬ್ಬರಿಗೆ ಮಾಡಿದ್ದಾನೆ ಅಂತ ಹೋದ ವಾರ ಗೊತ್ತಾಯಿತು.

ನಮ್ಮದು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್. ಮೂರು ಸಿಎನ್‌ಸಿ, ಎರಡು ಹಳೇ ಲೇತು, ಹದಿನಾಲ್ಕು ಜನ. ಆರ್ಡರ್, ಡ್ರಾಯಿಂಗ್, ಪೇಮೆಂಟ್ ಮಾತು ಎಲ್ಲ ಮೇಲ್‌ನಲ್ಲೇ. ಮೇಲ್ ಸರ್ವರ್, ಅಂದರೆ ನಮಗೆ ಬರುವ ಮೇಲ್ ತೆಗೆದುಕೊಂಡು ಇಟ್ಟುಕೊಳ್ಳುವ ಕಂಪ್ಯೂಟರ್, ನಮ್ಮ ಅಕೌಂಟ್ಸ್ ಟೇಬಲ್ ಕೆಳಗೇ ಇತ್ತು. ಕಂಪ್ಯೂಟರ್ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ನೋಡಿಕೊಳ್ಳುವವನೇ ಹಾಕಿಕೊಟ್ಟಿದ್ದು. ಎಂಟು ವರ್ಷದಿಂದ ಅವನೇ. ಆಯುಧ ಪೂಜೆಗೆ ಬಂದು ನಮ್ಮ ಜೊತೆ ಕೂತು ಊಟ ಮಾಡಿ ಹೋಗುವವನು.

ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರಲಿಲ್ಲ. ಯುಪಿಎಸ್ ಕೂಡ ಕೈಕೊಟ್ಟಿತು. ಮೇಲ್ ನಿಂತಿತು. ನನಗೆ ಗಾಬರಿ. ಆಗ ಅವನು ಬಂದು ಹೇಳಿದ್ದು: "ಸರ್, ಒಂದು ಬ್ಯಾಕಪ್ ಮೇಲ್ ಸರ್ವರ್ ಹಾಕಿಸಿಬಿಡಿ. ಡೇಟಾ ಸೆಂಟರ್‌ನಲ್ಲಿ ಇರುತ್ತೆ. ಇದು ಬಿದ್ರೆ ಅದು ಹಿಡ್ಕೊಳ್ಳುತ್ತೆ. ಒಂದು ಮೇಲೂ ಹೋಗಲ್ಲ."

48,000 ರೂಪಾಯಿ, ಮೇಲೆ ಜಿಎಸ್‌ಟಿ. ಒಟ್ಟು 56,640. ಕೊಟ್ಟೆ. ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟೆ. ಆ ದಿನ ಸಂಜೆ ಕರೆಂಟ್ ಬಂದ ಮೇಲೆ ಬೆಳಿಗ್ಗೆಯ ಮೇಲ್‌ಗಳೆಲ್ಲ ತಾವಾಗೇ ಬಂದಿದ್ದವು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಐದು ತಿಂಗಳು ಕಳೆಯಿತು. ಒಂದು ಶುಕ್ರವಾರ ರಾತ್ರಿ ಸರ್ವರ್‌ನ ಹಾರ್ಡ್ ಡಿಸ್ಕ್ ಹೋಯಿತು. ಶನಿವಾರ ಬೆಳಿಗ್ಗೆ ಫೋನ್ ಮಾಡಿದೆ. "ಟೆನ್ಶನ್ ತಗೋಬೇಡಿ ಸರ್. ಎಲ್ಲ ಎರಡನೇ ಸರ್ವರ್‌ನಲ್ಲಿ ಕೂತಿದೆ. ಡಿಸ್ಕ್ ಹಾಕಿದ ತಕ್ಷಣ ಬರುತ್ತೆ." ಸೋಮವಾರ ಕೇಳಿದೆ. "ಡಿಸ್ಕ್ ಬಂದಿಲ್ಲ ಸರ್. ಮೇಲ್ ಸೇಫಾಗಿದೆ." ಮಂಗಳವಾರವೂ ಅದೇ ಮಾತು. ಸೇಫಾಗಿದೆ, ಸೇಫಾಗಿದೆ. ನಾನೂ ಗಿರಾಕಿಗಳಿಗೆ ಅದನ್ನೇ ಹೇಳಿಕೊಂಡು ಬಂದೆ.

ಬುಧವಾರ ನಮ್ಮ ಅಕ್ಕನ ಮಗ ಬೇರೇನೋ ಕೆಲಸಕ್ಕೆ ಬಂದಿದ್ದ. ಅವನಿಗೆ ಸರ್ವರ್ ನೋಡಿಕೊಳ್ಳುವುದೇ ಕೆಲಸ. ಲ್ಯಾಪ್‌ಟಾಪ್ ತೆಗೆದು ನಮ್ಮ ಡೊಮೇನ್ ಹೆಸರು (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವುದು) ಹಾಕಿ ನೋಡಿದ. ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಬರೆದಿಡುವ ಸಾಲಿಗೆ ಎಂಎಕ್ಸ್ ಅಂತಾರಂತೆ. ನಮ್ಮದರಲ್ಲಿ ಎರಡು ಸಾಲಿತ್ತು, ಒಂದಕ್ಕೆ 10, ಇನ್ನೊಂದಕ್ಕೆ 20. ಚಿಕ್ಕ ನಂಬರಿನದಕ್ಕೆ ಮೊದಲು, ಅದು ಎತ್ತದಿದ್ದರೆ ದೊಡ್ಡದಕ್ಕೆ. ಇಲ್ಲಿವರೆಗೆ ಸರಿ.

ಆಮೇಲೆ ಅವನು ಆ ಎರಡು ಹೆಸರಿನ ಹಿಂದಿನ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಸರ್ವರ್ ಎಲ್ಲಿದೆ ಅಂತ ಗುರುತಿಸುವ ನಂಬರ್, ತೆಗೆದ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮಾವ, ಎರಡನೇ ಸರ್ವರ್ ಎಲ್ಲಿದೆ ಅಂದ್ರು?"

"ಡೇಟಾ ಸೆಂಟರ್‌ನಲ್ಲಿ ಅಂದಿದಾನಪ್ಪ."

"ಎರಡಕ್ಕೂ ಒಂದೇ ನಂಬರ್ ಇದೆ ಮಾವ."

ನನಗೆ ಅರ್ಥವಾಗಲಿಲ್ಲ. ಅವನು ಟೇಬಲ್ ಕೆಳಗೆ ಬಗ್ಗಿ ರೌಟರ್ ತೋರಿಸಿದ. ಇಂಟರ್‌ನೆಟ್‌ನವರು ಲೈನ್ ಹಾಕಿದಾಗ ಅಂಟಿಸಿದ ಚೀಟಿ ಅದರ ಮೇಲಿತ್ತು, ಬಾಲ್ ಪೆನ್ನಿನಲ್ಲಿ ನಮ್ಮ ಐಪಿ ನಂಬರ್ ಬರೆದದ್ದು. ಮೊಣಕಾಲೂರಿ ಕೂತು ಒಂದೊಂದೇ ಅಂಕಿ ತಾಳೆ ನೋಡಿದೆ. ಸ್ಕ್ರೀನ್ ಮೇಲಿನದು, ಚೀಟಿ ಮೇಲಿನದು. ಎರಡು ಸಲ ನೋಡಿದೆ. ಒಂದೇ. ಡೇಟಾ ಸೆಂಟರೂ ಇಲ್ಲ, ಎರಡನೇ ಸರ್ವರೂ ಇಲ್ಲ. ಸತ್ತು ಬಿದ್ದಿದ್ದ ಅದೇ ಪೆಟ್ಟಿಗೆಗೆ ಎರಡು ಹೆಸರಿಟ್ಟಿದ್ದ, ಅಷ್ಟೇ. ಐದು ನಿಮಿಷದ ಕೆಲಸವಂತೆ ಅದು. ಅದಕ್ಕೆ 56,640. ನಮ್ಮ ಅಕೌಂಟ್ಸ್ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ ನನಗೆ.

ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಉತ್ತರ ಬಂತು. ಅವು ಇನ್ನೂ ಫೋನಿನಲ್ಲಿವೆ. ಮೊದಲನೆಯದು: "ಅದು ಲಾಜಿಕಲ್ ಬ್ಯಾಕಪ್ ಸರ್." ಹಾಗಂದರೆ ಏನಪ್ಪಾ ಅಂದೆ. "ಬಿಲ್‌ನಲ್ಲಿ ಸೆಕೆಂಡರಿ ಎಂಎಕ್ಸ್ ಅಂತ ಇದೆ. ಸೆಕೆಂಡರಿ ಎಂಎಕ್ಸ್ ಇದೆಯಲ್ಲ ಸರ್." ಬೇರೆ ಮಷೀನ್ ಎಲ್ಲಿ ಅಂತ ಕೇಳಿದೆ. "ಬೇರೆ ಮಷೀನ್ ಬೇಕು ಅಂತ ನೀವು ಬರೆದು ಕೊಟ್ಟಿಲ್ಲ ಸರ್."

ಬರೆದು ಕೊಟ್ಟಿಲ್ಲವಂತೆ! ಡೇಟಾ ಸೆಂಟರ್‌ನಲ್ಲಿ ಇರುತ್ತೆ ಅಂದವನು ಅವನೇ ಅಲ್ವಾ? ನಾಲ್ಕು ದಿನ "ಸೇಫಾಗಿದೆ" ಅಂದವನು ಅವನೇ ಅಲ್ವಾ?

ಹಳೇ ಮೇಲ್ ಎಲ್ಲಿ ಅಂದೆ. ಅದಕ್ಕೆ ಬಂದ ಉತ್ತರ ನೋಡಿ ಜಾಸ್ತಿ ಉರಿದುಹೋಯಿತು. "ಬ್ಯಾಕಪ್ ಎಂಎಕ್ಸ್ ಹೊಸ ಮೇಲ್‌ಗೆ ಮಾತ್ರ ಸರ್. ಹಳೇದಕ್ಕೆ ಬೇರೆ ಪ್ಯಾಕೇಜ್." ಅಕ್ಕನ ಮಗನನ್ನು ಕೇಳಿದರೆ, ಇದೊಂದು ಮಾತು ನಿಜವಂತೆ. ಅಂಥ ಸರ್ವರ್ ಹೊಸ ಮೇಲ್ ಸ್ವಲ್ಪ ಹೊತ್ತು ಹಿಡಿದಿಟ್ಟು ಮುಂದೆ ದಾಟಿಸುತ್ತದೆ, ಹಳೆಯದರ ಕಾಪಿ ಇಡುವುದಿಲ್ಲ. ನಾನು ಬ್ಯಾಕಪ್ ಅಂದ ಕೂಡಲೇ ಎಲ್ಲದರ ಕಾಪಿ ಇದೆ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲಿ ಅಂತಲೇ ಆ ಪದ ಬಳಸಿದ್ದಾನೆ.

ನಷ್ಟ ಹೇಳುತ್ತೇನೆ. ಹಳೇ ಗಿರಾಕಿಯೊಬ್ಬರು ಆ ಶನಿವಾರ ಒಂದು ಬುಷ್‌ನ ಹೊಸ ಡ್ರಾಯಿಂಗ್ ಕಳಿಸಿದ್ದರು. ಅದರಲ್ಲಿ ಐಡಿ (ಒಳಗಿನ ತೂತಿನ ಅಳತೆ) ಸಣ್ಣದಾಗಿತ್ತು. ಮೇಲ್ ನಮಗೆ ಮುಟ್ಟಲೇ ಇಲ್ಲ. ಮೇಲ್ ತಡವಾಗುತ್ತಿದೆ ಅಂತ ಅವರಿಗೆ ಸೂಚನೆ ಬಂದಿತ್ತಂತೆ, ಅವರು ನೋಡಿಲ್ಲ. ನಾವು ಹಳೇ ಡ್ರಾಯಿಂಗ್‌ಗೆ 340 ಪೀಸ್ ಹೊಡೆದುಬಿಟ್ಟಿದ್ದೆವು. ಐಡಿ ದೊಡ್ಡದಾಗಿದ್ದರೆ ಇನ್ನೊಂದು ಕಟ್ ಕೊಟ್ಟು ಸರಿ ಮಾಡಬಹುದಿತ್ತು. ಸಣ್ಣದಾದರೆ ಏನು ಮಾಡೋದು? ಎಲ್ಲ ಸ್ಕ್ರ್ಯಾಪ್. ಇನ್ನು ಮೇಲ್‌ನಲ್ಲಿ ಬಂದಿದ್ದ ಹಳೇ ಬಿಲ್‌ಗಳು. ಜಿಎಸ್‌ಟಿ ಲೆಕ್ಕಪತ್ರ ವಾರ್ಷಿಕ ರಿಟರ್ನ್‌ನ ಕಡೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಈಗ ಒಬ್ಬೊಬ್ಬ ಸಪ್ಲೈಯರ್‌ಗೂ ಫೋನ್ ಮಾಡಿ ಬಿಲ್ ಬೇಡುತ್ತಾ ಕೂತಿದ್ದೇವೆ.

ಹಾಗಾದರೆ ಅವನನ್ನು ಅವತ್ತೇ ಬಿಡಬೇಕಿತ್ತು. ಬಿಡಲಾಗಲಿಲ್ಲ. ಡೊಮೇನ್ ಇದ್ದದ್ದು ಅವನ ಅಕೌಂಟ್‌ನಲ್ಲಿ. ಎಂಟು ವರ್ಷದಿಂದ ನಮ್ಮ ಕಂಪನಿ ಹೆಸರು ಅವನ ಕೈಯಲ್ಲಿತ್ತು, ನನಗೆ ಗೊತ್ತೇ ಇರಲಿಲ್ಲ. ಪಾಸ್‌ವರ್ಡ್ ಕೇಳಿದರೆ "ಎಎಂಸಿ ಬಾಕಿ ಕ್ಲಿಯರ್ ಮಾಡಿ ಸರ್" ಅಂದ. ಬೇರೆ ದಾರಿಯಿಲ್ಲದೆ, ಈಗಲಾದರೂ ಸರಿಯಾದ ಎರಡನೇ ಸರ್ವರ್ ಹಾಕು ಅಂದೆ. ಹಾಕಿದ. ಅದು ಇನ್ನೂ ಕೆಟ್ಟದಾಯಿತು. ನಮ್ಮಲ್ಲಿ ಯಾವ ಯಾವ ಮೇಲ್ ಐಡಿ ಇದೆ ಅನ್ನೋ ಪಟ್ಟಿಯನ್ನೇ ಅದಕ್ಕೆ ಕೊಟ್ಟಿರಲಿಲ್ಲ. ಇಲ್ಲದ ಹೆಸರಿಗೆ ಬಂದದ್ದನ್ನೂ ಅದು ತೆಗೆದುಕೊಂಡಿತು. ಸ್ಪ್ಯಾಮ್ ಕಳಿಸುವವರು ಬೇಕೆಂದೇ ಎರಡನೇ ಸರ್ವರ್‌ಗೆ ಹೊಡೆಯುತ್ತಾರಂತೆ, ಅಲ್ಲಿ ಕಾವಲು ಕಮ್ಮಿ ಇರುತ್ತದೆ ಅಂತ. ಆ ಕಸವನ್ನೆಲ್ಲ ಅದು ವಾಪಸ್ ಕಳಿಸಿದ್ದು ಯಾರಿಗೋ ಸಂಬಂಧವಿಲ್ಲದವರಿಗೆ. ಕಳಿಸಿದವರ ಹೆಸರೇ ಸುಳ್ಳಲ್ವಾ! ಇತ್ತ ಗಿರಾಕಿಗಳ ನಿಜವಾದ ಮೇಲ್ ಆ ಸರ್ವರ್ ದಾಟಿ ಬಂದರೆ, ಎಸ್‌ಪಿಎಫ್ ತಪಾಸಣೆಯಲ್ಲಿ (ಕಳಿಸಿದವರ ಡೊಮೇನ್ ಒಪ್ಪಿದ ಸರ್ವರ್‌ನಿಂದಲೇ ಮೇಲ್ ಬಂತಾ ಅಂತ ನೋಡುವುದು) ನಮ್ಮ ಮೊದಲನೇ ಸರ್ವರ್ ಅದನ್ನು ನಕಲಿ ಅಂತ ತಳ್ಳುತ್ತಿತ್ತು. ನಮ್ಮದೇ ಎರಡನೇ ಸರ್ವರ್ ಇದು ಅಂತ ಅದಕ್ಕೆ ಹೇಳಿಕೊಟ್ಟಿರಲೇ ಇಲ್ಲ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ನಮ್ಮಂಥವರಿಗೆ ಕರೆಂಟ್ ಹೋಗುವ ಕಾರಣಕ್ಕೆ ಎರಡನೇ ಸರ್ವರ್ ಬೇಕಾಗೇ ಇಲ್ಲವಂತೆ. ಮೇಲ್ ಸರ್ವರ್‌ಗಳು ಮೇಲ್ ಹೇಗೆ ಸಾಗಿಸಬೇಕು ಅನ್ನೋದಕ್ಕೆ ಆರ್‌ಎಫ್‌ಸಿ 5321 ಅಂತ 2008ರ ಒಂದು ನಿಯಮವಿದೆ. ಆಚೆಯ ಸರ್ವರ್ ಎತ್ತದಿದ್ದರೆ, ಕಳಿಸುವ ಸರ್ವರ್ 4-5 ದಿನವಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ಎಲ್ಲರೂ ಅಷ್ಟು ದಿನ ಕಾಯುವುದಿಲ್ಲ ನಿಜ. ಆದರೆ ಅರ್ಧ ದಿನಕ್ಕೆ ಏನೂ ಆಗುವುದಿಲ್ಲ. ಆ ಮಳೆಗಾಲದ ಸಂಜೆ ಮೇಲ್‌ಗಳು ತಾವಾಗೇ ಬಂದಿದ್ದು ಹೀಗೆ. ಇದು ಅವನಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ನಿಮ್ಮಲ್ಲೂ ಯಾರಾದರೂ ಇಂಥದ್ದನ್ನು ಹಾಕಿಕೊಟ್ಟಿದ್ದರೆ ಇವತ್ತೇ ನೋಡಿಸಿ. ಎರಡು ಎಂಎಕ್ಸ್ ಹೆಸರಿಗೆ ಎರಡು ಬೇರೆ ಐಪಿ ಇದೆಯಾ? ಅದು ಬೇರೆ ಜಾಗ, ಬೇರೆ ಕರೆಂಟ್, ಬೇರೆ ಲೈನ್ ಮೇಲಿದೆಯಾ? ನಿಮ್ಮ ಎದುರಿಗೇ ಮೊದಲನೇ ಸರ್ವರ್ ಆಫ್ ಮಾಡಿಸಿ, ಹೊರಗಿನಿಂದ ಒಂದು ಮೇಲ್ ಕಳಿಸಿ, ಎರಡನೆಯದರಲ್ಲಿ ತೋರಿಸು ಅನ್ನಿ. ತೋರಿಸದಿದ್ದರೆ ದುಡ್ಡು ಕೊಡಬೇಡಿ. ಹಳೇ ಮೇಲ್‌ಗೆ ಬೇರೆ ಕಡೆ ಕಾಪಿ ಇರಲಿ, ಒಂದು ಮೇಲ್ ಅದರಿಂದ ವಾಪಸ್ ತೆಗೆಸಿಯೂ ನೋಡಿ. ಡೊಮೇನ್ ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ, ನಿಮ್ಮ ಕೈಯಲ್ಲೇ ಇರಲಿ. ಎಷ್ಟೇ ವರ್ಷದ ಪರಿಚಯ ಇರಲಿ.

ಬಾಕಿ ಕಟ್ಟಿ ಡೊಮೇನ್ ಬಿಡಿಸಿಕೊಂಡೆ. ಈಗ ಮೇಲ್ ಬೇರೆ ಕಡೆ ಇದೆ, ಟೇಬಲ್ ಕೆಳಗೆ ಏನೂ ಇಲ್ಲ. ಮೊನ್ನೆ ಅವನ ಕಡೆಯಿಂದ ಈ ವರ್ಷದ ಬಿಲ್ ಬಂತು. ಮೂರನೇ ಸಾಲು: ಸೆಕೆಂಡರಿ ಎಂಎಕ್ಸ್ ಸರ್ವರ್, ನವೀಕರಣ. ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆ 56,640 ವಾಪಸ್ ಕೇಳಿ ವಕೀಲರ ಮೂಲಕ ನೋಟಿಸ್ ಕಳಿಸಿದ್ದೇನೆ.